ಕೊನೆಯ ಪುಟ ಕೊಡದ ಮೇಷ್ಟ್ರು

ಕಳೆದ ಮಳೆಗಾಲದಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು. ನಾನು ಊರಿನಿಂದ ದೂರವಿದ್ದೆ, ಅಂತಿಮ ದರ್ಶನಕ್ಕೆ ಬರಲಾಗಲಿಲ್ಲ. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಬೇರೆ ವಿಷಯ ಹೊಳೆಯಲೇ ಇಲ್ಲ. 1980ರ ದಶಕದಲ್ಲಿ ತೀರ್ಥಹಳ್ಳಿಯಲ್ಲಿ ಪಿಯುಸಿಗೆಂದು ಉರು ಹೊಡೆದ ಸೂತ್ರಗಳು, ಸಮೀಕರಣಗಳು, ಕಪ್ಪೆಯ ಅಂಗಾಂಗಗಳು ಎಲ್ಲವೂ ಮರೆತುಹೋಗಿವೆ. ಅವರು ಓದಿಸಿದ ಒಂದು ಸಣ್ಣ ಕತೆ ಮಾತ್ರ ಸಾಲುಸಾಲಾಗಿ ನೆನಪಿದೆ.

ನಾವು ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿದವರು. ಕೋಣಂದೂರು, ಮೇಗರವಳ್ಳಿ, ಆಗುಂಬೆಯ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆವು. ಇಂಗ್ಲಿಷ್ ತರಗತಿ ನಡೆಯುತ್ತಿದ್ದದ್ದು ತಗಡಿನ ಮಾಡಿನ ಕೊಠಡಿಯಲ್ಲಿ. ಜೂನ್ ಕಳೆದು ಆಷಾಢದ ಮಳೆ ಹಿಡಿಯಿತೆಂದರೆ ಮೇಷ್ಟ್ರ ಮಾತು ಎರಡನೆಯ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಬೇರೆ ಉಪನ್ಯಾಸಕರು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರೆ, ಇವರು ಒದ್ದೆ ಛತ್ರಿಯನ್ನು ಕಿಟಕಿಯ ಸರಳಿಗೆ ತಗುಲಿಹಾಕಿ, ಸೈಕ್ಲೋಸ್ಟೈಲ್ ಮಾಡಿಸಿದ (ಮೇಣದ ಹಾಳೆಯ ಸ್ಟೆನ್ಸಿಲ್‌ನಲ್ಲಿ ಅಕ್ಷರ ಕೊರೆದು, ಅದರ ಮೂಲಕ ಇಂಕು ಹಾಯಿಸಿ ತೆಗೆದ) ಹಾಳೆಗಳನ್ನು ಹಂಚಿ, ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದು ಸುಮ್ಮನೆ ಕುಳಿತುಬಿಡುತ್ತಿದ್ದರು. ಇದನ್ನೆಲ್ಲ ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಕತೆಗಾರ ಎಲ್ಲಿ ನಿಧಾನಿಸುತ್ತಾನೆ, ಎಲ್ಲಿ ಓಡುತ್ತಾನೆ? ಹೇಳಬೇಕಾದ ಯಾವ ಮಾತನ್ನು ಯಾರು ಹೇಳಲಿಲ್ಲ? ಉತ್ತರವನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಬೇಕು. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಯಬಹುದು. ಆ ಒಂದು ಅನುಮತಿಯಿಂದ ಎಷ್ಟು ಮಂದಿಯ ಭಯ ಬಿಟ್ಟುಹೋಯಿತೆಂದು ಲೆಕ್ಕವಿಲ್ಲ.

ಕತೆ ಫ್ರೆಂಚ್ ಕತೆಗಾರ ಮೊಪಾಸಾನ 'ದಿ ನೆಕ್ಲೇಸ್', 1884ರಲ್ಲಿ ಪ್ರಕಟವಾದದ್ದು. ಶಿಕ್ಷಣ ಇಲಾಖೆಯ ಗುಮಾಸ್ತನೊಬ್ಬನ ಹೆಂಡತಿ ಮತಿಲ್ಡ್ ಇಲಾಖೆಯ ಔತಣಕ್ಕೆಂದು ಸಿರಿವಂತ ಗೆಳತಿಯಿಂದ ವಜ್ರದ ಸರವನ್ನು ಎರವಲು ತರುತ್ತಾಳೆ. ಅಂದು ರಾತ್ರಿಯೇ ಅದು ಕಳೆದುಹೋಗುತ್ತದೆ. ಗಂಡ ಹೆಂಡತಿ ಗೆಳತಿಗೆ ಬಾಯಿಬಿಡದೆ 36,000 ಫ್ರಾಂಕ್ ಕೊಟ್ಟು ಅಂಥದೇ ಸರ ಕೊಂಡು ಹಿಂದಿರುಗಿಸುತ್ತಾರೆ. ಗಂಡನಿಗೆ ತಂದೆಯಿಂದ ಬಂದ 18,000 ಫ್ರಾಂಕ್ ಅದಕ್ಕೇ ಹೋಗುತ್ತದೆ, ಉಳಿದದ್ದೆಲ್ಲ ಸಾಲ. ತೀರಿಸಲು ಹತ್ತು ವರ್ಷ ಬೇಕಾಗುತ್ತದೆ. ಆಮೇಲೊಂದು ದಿನ ಪ್ಯಾರಿಸ್ಸಿನ ಬೀದಿಯಲ್ಲಿ ಮತಿಲ್ಡ್ ಆ ಗೆಳತಿಯನ್ನು ಕಂಡು ಮಾತನಾಡಿಸುತ್ತಾಳೆ. ನಮಗೆ ಕೊಟ್ಟ ಹಾಳೆ ಅಲ್ಲಿಗೆ ಮುಗಿದಿತ್ತು. ಕೊನೆಯ ಪುಟವನ್ನು ಮೇಷ್ಟ್ರು ಬೇಕೆಂದೇ ತಡೆಹಿಡಿದಿದ್ದರು.

ಅವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಕತೆಯೊಳಗಿನ ಕಾಲವನ್ನು ಮೇಲೆ, ಅದಕ್ಕೆ ಖರ್ಚಾದ ಸಾಲುಗಳನ್ನು ಕೆಳಗೆ ಗುರುತಿಸಿದರು. ಔತಣಕ್ಕೆ ಮುಂಚಿನ ಚಿಂತೆಗೆ, ಆ ಒಂದು ರಾತ್ರಿಗೆ ಪುಟಗಟ್ಟಲೆ. ಹತ್ತು ವರ್ಷದ ಪಾತ್ರೆ ಉಜ್ಜುವಿಕೆ, ನೀರು ಹೊರುವಿಕೆ, ಮಾರುಕಟ್ಟೆಯಲ್ಲಿ ಕಾಸಿಗಾಗಿ ಚೌಕಾಸಿ, ಇಷ್ಟಕ್ಕೆ ಕೆಲವೇ ಸಾಲು. "ಯಾಕೆ ಹೀಗೆ?" ಎಂದು ಕೇಳಿದರು. ಆ ವರ್ಷ ಅಡಿಕೆಗೆ ಕೊಳೆರೋಗ ಬಿದ್ದು ಮನೆಯಲ್ಲಿ ಸಾಲವಾಗಿದ್ದ ನನ್ನ ಪಕ್ಕದವನು, "ಸಾಲದಲ್ಲಿ ಎಲ್ಲ ದಿನವೂ ಒಂದೇ ಥರ ಇರುತ್ತದೆ ಸರ್, ಬರೆಯಲು ಏನಿದೆ?" ಎಂದ. ಮೇಷ್ಟ್ರು ಆ ಮಾತನ್ನು ಅವನ ಕನ್ನಡದಲ್ಲೇ ಬೋರ್ಡಿನ ಮೇಲೆ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಬರೆದರು. ವಿಮರ್ಶೆ ಎನ್ನುವುದು ನಮ್ಮಂಥವರಿಗೂ ಸಾಧ್ಯ ಎಂದು ನನಗೆ ಅನಿಸಿದ್ದು ಆ ಗಳಿಗೆಯಲ್ಲಿ.

ಮೂರನೆಯ ಪ್ರಶ್ನೆಗೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಹೆಚ್ಚು ಮಾತನಾಡುವವಳಲ್ಲ. "ಸರ್, ನಮ್ಮಲ್ಲಿ ಮದುವೆಗೆ ಒಡವೆ ಎರವಲು ಕೊಡುವಾಗ ತೂಕ ಹೇಳಿ, ಎಲ್ಲಿ ಇಡುತ್ತೀರಿ, ಯಾವತ್ತು ತರುತ್ತೀರಿ ಎಂದು ಕೇಳಿಯೇ ಕೊಡುತ್ತಾರೆ. ಈ ಗೆಳತಿ ಏನೂ ಹೇಳದೆ ಹೂಂ ಎಂದುಬಿಟ್ಟಳಲ್ಲ" ಎಂದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ನಿನಗೆ ಸಿಕ್ಕಿತು ತಾಯಿ. ನಾಳೆಯವರೆಗೆ ಯಾರಿಗೂ ಬಾಯಿ ಬಿಡಬೇಡ" ಎಂದರು. ಗಂಟೆ ಹೊಡೆಯಿತು.

ಏನು ಸಿಕ್ಕಿತು? ಬಸ್ ನಿಲ್ದಾಣದವರೆಗೂ ಹಿಂದೆ ಬಿದ್ದು ಕೇಳಿದರೂ ಅವಳು ಹೇಳಲಿಲ್ಲ. ಹುಡುಗರಾದ ನಮಗೆ ತಡೆಯಲಾಗಲಿಲ್ಲ. ಅಂದು ಸಂಜೆ ಕಚೇರಿಯ ಅಟೆಂಡರ್ ಕಾಫಿಗೆ ಹೋದ ಸಮಯ ನೋಡಿ ನಾಲ್ಕೈದು ಮಂದಿ ಒಳಗೆ ನುಗ್ಗಿದೆವು. ಬಳಸಿದ ಸ್ಟೆನ್ಸಿಲ್‌ಗಳನ್ನು ಹಳೆಯ ದಿನಪತ್ರಿಕೆಗಳ ನಡುವೆ ಮಡಚದೆ ಇಡುವುದು ಅಲ್ಲಿನ ರೂಢಿ. ಹುಡುಕಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಇಂಕಿನ ಕಪ್ಪಿನಲ್ಲಿ ಮಿನುಗುವ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದಿದೆವು. ಸರ ನಕಲಿಯದು! ಹೆಚ್ಚೆಂದರೆ 500 ಫ್ರಾಂಕ್ ಬಾಳುವಂಥದ್ದು! ಅಂದು ರಾತ್ರಿ ನಮ್ಮಲ್ಲಿ ಯಾರಿಗೂ ನಿದ್ದೆಯಿಲ್ಲ. ಪರೀಕ್ಷೆಗೆ ಬೇಡದ ಒಂದು ಪುಟಕ್ಕಾಗಿ ಕಚೇರಿಗೆ ನುಗ್ಗಿದ ಹುಡುಗರು ನಾವು ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಸ್ಟೆನ್ಸಿಲ್ ಇಂಕು ಸೋಪಿಗೆ ಹೋಗುವುದಿಲ್ಲ. ಮರುದಿನ ಮೇಷ್ಟ್ರು ನಮ್ಮ ಬೆಂಚಿನ ಮುಂದೆ ನಿಂತು "ಬೆರಳು ತೋರಿಸಿ" ಎಂದರು. ಬಯ್ಯಲಿಲ್ಲ, ಪ್ರಾಂಶುಪಾಲರ ಬಳಿಗೂ ಕಳಿಸಲಿಲ್ಲ. "ಕೊನೆ ಗೊತ್ತಿಲ್ಲದವರು ಊಹಿಸಿ ಬರೆಯಲಿ. ನಿಮಗೆ ಗೊತ್ತಿದೆಯಲ್ಲ, ಮೊದಲಿನಿಂದ ಓದಿ, ಕತೆಗಾರ ಇದನ್ನು ಮೊದಲೇ ಎಲ್ಲೆಲ್ಲಿ ಹೇಳಿದ್ದಾನೆ ಎಂದು ಹುಡುಕಿ" ಎಂದರು. ಹುಡುಕಿದೆವು. ಸರದ ಪೆಟ್ಟಿಗೆಯ ಮೇಲಿದ್ದ ಹೆಸರಿನ ಅಂಗಡಿಯವನು, ಸರ ತನ್ನಲ್ಲಿ ಕೊಂಡದ್ದಲ್ಲ, ಪೆಟ್ಟಿಗೆ ಮಾತ್ರ ತನ್ನದು ಎನ್ನುತ್ತಾನೆ. ಮೊದಲ ಸಲ ಓದಿದಾಗ ಅದು ಬರೀ ವಿಳಾಸ ವಿಚಾರಿಸುವ ಸಾಲು. ಸರ ಹಿಂದಿರುಗಿಸಿದಾಗ ಗೆಳತಿ ತಡವಾಯಿತೆಂದು ಮುಖ ಗಂಟಿಕ್ಕುತ್ತಾಳೆಯೇ ಹೊರತು ಪೆಟ್ಟಿಗೆ ತೆರೆದೂ ನೋಡುವುದಿಲ್ಲ. ವಜ್ರದ ಒಡತಿ ನೋಡದೆ ಬಿಡುತ್ತಾಳೆಯೇ? ಇವೆರಡನ್ನೂ ನಾನೇ ಮೊದಲು ಗುರುತಿಸಿದ್ದು. ನನ್ನ ಚೀಟಿಯನ್ನು ಮೇಷ್ಟ್ರು ತರಗತಿಗೆ ಓದಿ ಹೇಳಿದರು. ಆದರೆ ಆ ಹುಡುಗಿ ಕಂಡದ್ದು ಕೊನೆ ತಿಳಿಯುವ ಮೊದಲೇ, ಅದೂ ತನ್ನ ಮನೆಯ ಅನುಭವದಿಂದ. ಅಂಥ ಓದಿಗೆ ಸಮನಾದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಪಕ್ಕದ ಕೊಠಡಿಯ ಕನ್ನಡ ಮೇಷ್ಟ್ರನ್ನೂ ನೆನೆಯಬೇಕು. ಈ ಮೂರು ಪ್ರಶ್ನೆಗಳ ಸುದ್ದಿ ಅವರ ಕಿವಿಗೆ ಬಿದ್ದು, ಮಾಸ್ತಿಯವರ ಕತೆಗಳನ್ನು ತಂದು ಅವೇ ಪ್ರಶ್ನೆ ಕೇಳಿದರು. ಯಾರೋ ಯಾರಿಗೋ ಹೇಳಿದ್ದನ್ನು ಇನ್ನೊಬ್ಬರು ನಮಗೆ ಹೇಳುವ ಆ ರೀತಿಯಲ್ಲಿ ಎಷ್ಟು ಜಾಣತನವಿದೆ ಎಂದು ಆಗ ತಿಳಿಯಿತು.

ನಾನು ಬ್ಯಾಂಕಿಗೆ ಸೇರಿ, ಬಹುಕಾಲ ಸಾಲ ವಿಭಾಗದಲ್ಲಿದ್ದು, ಹಿರಿಯ ಹುದ್ದೆಯಲ್ಲಿ ನಿವೃತ್ತನಾದೆ. ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದನ್ನು ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಅದನ್ನು ಕಲಿಸಿದ್ದು ಬ್ಯಾಂಕಿನ ತರಬೇತಿಯಲ್ಲ.

ಈಚೆಗೆ ತಂಗಿಯ ಮಗಳ ಪಿಯುಸಿ ಟಿಪ್ಪಣಿ ನೋಡಿದೆ. ಪ್ರತಿ ಕತೆಗೂ ಸಾರಾಂಶ, ಪಾತ್ರಗಳ ಗುಣಗಳು, ಆಶಯ ಎಲ್ಲವೂ ಅಚ್ಚಾಗಿ ಸಿದ್ಧವಾಗಿವೆ. ಕತೆಯನ್ನು ಓದಿದೆಯಾ ಎಂದರೆ, "ಮಾವ, ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೋ ಇದೆ" ಎಂದಳು. ಬುದ್ಧಿವಂತ ಹುಡುಗಿ, ಅವಳನ್ನು ದೂರುವುದಿಲ್ಲ. ತರಗತಿಯಲ್ಲಿ ಎಂಬತ್ತು ಮಂದಿಯನ್ನು ಕೂರಿಸಿಕೊಂಡು ಡಿಸೆಂಬರಿನೊಳಗೆ ಪಾಠ ಮುಗಿಸಬೇಕಾದ ಉಪನ್ಯಾಸಕರನ್ನೂ ದೂರಲಾರೆ. ಆದರೆ ಓದುವ ಮೊದಲೇ ಆಶಯ ಕೈಗೆ ಸಿಕ್ಕಿದ ಹುಡುಗಿ ಪೆಟ್ಟಿಗೆ ತೆರೆಯದ ಆ ಸಾಲಿನ ಬಳಿ ಯಾಕೆ ನಿಲ್ಲುತ್ತಾಳೆ? ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ಪ್ರಾಂಶುಪಾಲರು ಅನುಮತಿ ಕೊಟ್ಟರೆ ಬರುವ ಮಳೆಗಾಲದಲ್ಲಿ ಒಂದು ವಾರ ತೀರ್ಥಹಳ್ಳಿಯಲ್ಲಿದ್ದು, ದ್ವಿತೀಯ ಪಿಯುಸಿ ಮಕ್ಕಳಿಗೆ ಈ ಕತೆಯನ್ನು ಮೇಷ್ಟ್ರ ರೀತಿಯಲ್ಲೇ ಓದಿಸಲು ಸಿದ್ಧನಿದ್ದೇನೆ. ಪ್ರತಿಗಳನ್ನು ನಾನೇ ತೆಗೆಸಿ ತರುತ್ತೇನೆ. ಮಕ್ಕಳು ಕನ್ನಡದಲ್ಲಿ ಉತ್ತರಿಸಲು ಒಪ್ಪಿಗೆಯಿರಬೇಕು, ಅಷ್ಟೆ.