ಮಣ್ಣಿನೊಳಗಿನ ಮಣ್ಣು

ಹಸಿ ಇಟ್ಟಿಗೆಯ ಗೋಡೆಯನ್ನು ಅಗೆಯಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ ಗೋಡೆ ಎಲ್ಲಿದೆ ಎಂಬುದೇ. ಪ್ರಾಚೀನ ಈಜಿಪ್ಟಿನವರು ನೈಲ್ ನದಿಯ ಮೆಕ್ಕಲು ಮಣ್ಣಿಗೆ ಹೊಟ್ಟು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಗಳಿಂದಲೇ ಮನೆ, ಕಣಜ, ಅರಮನೆ, ಕೋಟೆಗಳನ್ನು ಕಟ್ಟಿದರು. ಕಟ್ಟಡ ಕುಸಿದಾಗ ಅದರ ಇಟ್ಟಿಗೆಗಳೇ ಪುಡಿಯಾಗಿ, ಉಳಿದು ನಿಂತ ಗೋಡೆಯ ಅಕ್ಕಪಕ್ಕ ತುಂಬಿಕೊಳ್ಳುವುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ಮೇಲ್ಮೈಯನ್ನು ಕರಣೆಯಿಂದ ಹೆರೆದು, ಕುಂಚದಿಂದ ಗುಡಿಸಿ, ಇಟ್ಟಿಗೆಗೂ ಗಾರೆಗೂ ನಡುವಿನ ಬಣ್ಣದ ಸಣ್ಣ ವ್ಯತ್ಯಾಸವನ್ನು ಓರೆ ಬಿಸಿಲಿನಲ್ಲಿ ಹುಡುಕಬೇಕಾಗುತ್ತದೆ. ಅವಸರ ಮಾಡಿದರೆ ಗೋಡೆಯೇ ಮಂಕರಿ ಸೇರುತ್ತದೆ.

ಕಂಡುಕೊಂಡ ಮೇಲೆ ಅದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಗಾಳಿ ಹೊತ್ತು ತರುವ ಮರಳು ಗೋಡೆಯನ್ನು ಉಜ್ಜುತ್ತದೆ, ಗೆದ್ದಲು ಇಟ್ಟಿಗೆಯೊಳಗಿನ ಹೊಟ್ಟನ್ನು ತಿನ್ನುತ್ತದೆ. ಇವೆರಡಕ್ಕಿಂತ ದೊಡ್ಡ ಶತ್ರು ಉಪ್ಪು. ಆಸ್ವಾನಿನ ದೊಡ್ಡ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡ ನಂತರ ವರ್ಷವಿಡೀ ನೀರಾವರಿ ನಡೆದು, ಹಲವೆಡೆ ಅಂತರ್ಜಲ ಮೇಲೇರಿತು. ಉಪ್ಪು ಕರಗಿದ ಆ ನೀರು ಗೋಡೆಯ ಬುಡಕ್ಕೆ ಏರಿ ಆವಿಯಾದಾಗ, ಒಳಗೆ ಉಳಿದ ಹರಳುಗಳು ಬೆಳೆದು ಇಟ್ಟಿಗೆಯನ್ನು ಸಿಡಿಸುತ್ತವೆ. ಬುಡ ಸವೆದ ಗೋಡೆ ತನ್ನ ಭಾರಕ್ಕೇ ಉರುಳುತ್ತದೆ.

ಬೆಂಗಳೂರಿನಲ್ಲಿ ಈ ವಿಷಯ ಮಾತಿಗೆ ಬಂದರೆ, ಸ್ವಲ್ಪ ಸಿಮೆಂಟ್ ಬೆರೆಸಿದರಾಗದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರವು ರೂಢಿಗೆ ತಂದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮನೆಗಳನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. (ನನಗೂ ಆ ಮನೆಗಳು ಇಷ್ಟವೇ.) ಆದರೆ ಹೊಸ ಮನೆಗೆ ಒಗ್ಗಿದ್ದು ಹಳೆಯ ಗೋಡೆಗೆ ಒಗ್ಗುವುದಿಲ್ಲ: ಗಡಸು ಸಿಮೆಂಟ್ ತೇವವನ್ನು ಒಳಗೇ ತಡೆಹಿಡಿಯುವುದರಿಂದ ಪಕ್ಕದ ಮೆದು ಇಟ್ಟಿಗೆ ಬೇಗ ಉದುರುತ್ತದೆ. ಆದ್ದರಿಂದಲೇ ಈಜಿಪ್ಟಿನ ಅಬಿಡೋಸ್‌ನಲ್ಲಿ, ಸುಮಾರು 4,700 ವರ್ಷಗಳ ಹಿಂದೆ ಖಾಸೆಖೆಮ್ವಿ ಎಂಬ ದೊರೆ ಕಟ್ಟಿಸಿದ ಬೃಹತ್ ಆವರಣ ‘ಶೂನೆತ್ ಎಲ್ ಜೆಬಿಬ್’ನ ಗೋಡೆಗಳಲ್ಲಿನ ಬಿಲ, ಪೊಟರೆಗಳನ್ನು ಹೊಸದಾಗಿ ಮಾಡಿದ ಹಸಿ ಇಟ್ಟಿಗೆಗಳಿಂದಲೇ ತುಂಬಲಾಯಿತು.

ಈಜಿಪ್ಟಿನ ಹಳೆಯ ರಾಜಧಾನಿ ಅಮರ್ನಾದಲ್ಲಿ ಇಂಗ್ಲಿಷ್ ಪುರಾತತ್ತ್ವಜ್ಞ ಪೆಟ್ರಿ 1891ರ ಸುಮಾರಿಗೆ ಚಿತ್ರಿತ ನೆಲವೊಂದನ್ನು ಬಯಲಿಗೆ ತಂದು, ಮರಗೆಣಸಿನ ಹಿಟ್ಟಿನ ತೆಳು ಗಂಜಿಯನ್ನು ಬೆರಳಿನ ಪಕ್ಕದಿಂದ ತಾನೇ ಸವರಿ ಗಟ್ಟಿಗೊಳಿಸಿದ್ದ. ನೋಡಲು ಬರುವವರು ಬೆಳೆ ತುಳಿಯುತ್ತಾರೆಂದು ಸಿಟ್ಟಾದ ರೈತನೊಬ್ಬ 1912ರಲ್ಲಿ ಅದನ್ನು ಒಡೆದುಹಾಕಿದ. ಆ ರೈತನನ್ನು ಪೂರ್ತಿ ದೂರಲು ನನಗೆ ಮನಸ್ಸಾಗದು. ಅಳೆದು, ನಕ್ಷೆ ಬರೆದು, ಚಿತ್ರ ತೆಗೆದು ಮತ್ತೆ ಮರಳು ಮುಚ್ಚುವುದೇ ಬಹುಪಾಲು ಗೋಡೆಗಳಿಗೆ ಕ್ಷೇಮವೆಂದು ನನ್ನ ಅಭಿಪ್ರಾಯ. ಪ್ರವಾಸಿಗರಿಗೆ ತೋರಿಸಲು ಏನೂ ಉಳಿಯದ ಇಂಥ ಕೆಲಸಕ್ಕೆ ಹಣ ಹೊಂದಿಸುವುದು ಮಾತ್ರ ಸುಲಭವಲ್ಲ.