ಕ್ಯಾನ್ವಾಸ್ ನೆಲಹಾಸು: ಲೆಕ್ಕ ಮೊದಲು, ಬಣ್ಣ ಆಮೇಲೆ

ಕ್ಯಾನ್ವಾಸ್‌ಗೆ ಕತ್ತರಿ ಹಾಕುವ ಮುಂಚೆಯೇ, ಅದರ ಮೇಲೆ ಬಣ್ಣದ ವಿನ್ಯಾಸ ಬರೆದು ಮಾಡುವ ನೆಲಹಾಸಿನ ಅರ್ಧ ಕೆಲಸ ಕಾಗದದ ಮೇಲೆ ಮುಗಿದಿರಬೇಕು. ಕೋಣೆ ಅಳೆದು, ಅದಕ್ಕೆ ತಕ್ಕಂತೆ ಬಟ್ಟೆ ಕತ್ತರಿಸಿ, ಆಮೇಲೆ ಚೌಕಗಳನ್ನು ಅದರೊಳಗೆ ಕೂಡಿಸಲು ಹೊರಟರೆ ಒಂದು ಬದಿಗೆ ಮುಕ್ಕಾಲು ಚೌಕ, ಇನ್ನೊಂದು ಬದಿಗೆ ಬೆರಳಗಲದ ಚೂರು ಉಳಿಯುತ್ತದೆ. ಅಂಚಿನ ಬಳ್ಳಿ ಮೂಲೆ ಮುಟ್ಟುವಷ್ಟರಲ್ಲಿ ಎಲೆಯ ನಡುವೆ ತುಂಡಾಗುತ್ತದೆ. ಹಾಗಾಗಿ ವಿನ್ಯಾಸದ ಒಂದು ತುಣುಕು ಎಷ್ಟು ಸೆಂಟಿಮೀಟರ್ ಎಂದು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಾಸಿನ ಅಳತೆಗೆ ಬನ್ನಿ.

18ನೇ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದ ಮನೆಗಳಲ್ಲಿ ಇಂಥ ಹಾಸುಗಳು ಬಳಕೆಯಲ್ಲಿದ್ದವು. ದಪ್ಪ ಕ್ಯಾನ್ವಾಸಿಗೆ ಅಗಸೆ ಎಣ್ಣೆಯ ಬಣ್ಣವನ್ನು ಪದರದ ಮೇಲೆ ಪದರವಾಗಿ ಬಳಿದು, ಅಮೃತಶಿಲೆಯ ನೆಲದಂತೆ ಕಪ್ಪು-ಬಿಳಿ ಚೌಕಗಳನ್ನು ಬರೆಯುತ್ತಿದ್ದರು. 1739ರಲ್ಲಿ ಕೆತ್ತನೆಗಾರ ಜಾನ್ ಕಾರ್ವಿದಮ್ ಲಂಡನ್ನಿನಲ್ಲಿ ಇಂಥ ನೆಲದ ನಮೂನೆಗಳನ್ನು ಅಚ್ಚು ಹಾಕಿಸಿದ್ದ. ಓರೆ ಚೌಕ (ಮೂಲೆಯ ಮೇಲೆ ನಿಂತಂತೆ ಕಾಣುವ ಚೌಕ), ಘನಾಕೃತಿಯ ಭ್ರಮೆ ಹುಟ್ಟಿಸುವ ಜೋಡಣೆ ಎಲ್ಲ ಅಲ್ಲಿವೆ. 1863ರಲ್ಲಿ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯಿಂದ ಮಾಡುವ ಲಿನೋಲಿಯಂ ನೆಲಹಾಸಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣದ ಕ್ಯಾನ್ವಾಸ್ ನಿಧಾನವಾಗಿ ಮೂಲೆಗೆ ಸರಿಯಿತು. ನಮೂನೆಗಳಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಓರೆ ಚೌಕ ಮತ್ತು ಸುತ್ತ ಒಂದು ಸ್ಟೆನ್ಸಿಲ್ (ಚಿತ್ರದ ಆಕಾರ ಕತ್ತರಿಸಿದ ಹಾಳೆ) ಅಂಚು. ಓರೆ ಗೆರೆಗಳು ಇಕ್ಕಟ್ಟಾದ ಜಾಗವನ್ನೂ ಅಗಲವಾಗಿ ತೋರಿಸುತ್ತವೆ.

ಒಂದು ಲೆಕ್ಕ ಹೀಗಿದೆ. ಓರೆ ಚೌಕದ ಮೂಲೆಯಿಂದ ಮೂಲೆಗೆ 30 ಸೆಂ.ಮೀ. ಇಟ್ಟುಕೊಳ್ಳಿ, ಬಾಹು ಸುಮಾರು 21.2 ಬರುತ್ತದೆ. ಅಡ್ಡಕ್ಕೆ 3, ಉದ್ದಕ್ಕೆ 5 ಚೌಕ ಹಿಡಿದರೆ ಒಳಗಿನ ಅಂಗಳ 90×150. ಸುತ್ತ 12 ಸೆಂ.ಮೀ. ಅಂಚು ಸೇರಿಸಿದರೆ 114×174. ಮಡಚಲು ಪ್ರತಿ ಬದಿಗೆ 2.5 ಸೇರಿ 119×179. ಕುಗ್ಗುವುದಕ್ಕೂ ಅಂಚು ನೇರ ಮಾಡುವುದಕ್ಕೂ ಪ್ರತಿ ಬದಿಗೆ ಇನ್ನೂ 5 ಬಿಟ್ಟು 129×189 ಕತ್ತರಿಸಿ. ಅಂಚಿನ ಬಳ್ಳಿಯ ಒಂದು ಆವರ್ತ, ಅಂದರೆ ಮತ್ತೆ ಮತ್ತೆ ಬರುವ ತುಣುಕು, 15 ಸೆಂ.ಮೀ. ಇದ್ದರೆ ಅಗಲದಲ್ಲಿ 6, ಉದ್ದದಲ್ಲಿ 10 ಸರಿಯಾಗಿ ಕೂರುತ್ತವೆ. ನಾಲ್ಕು ಮೂಲೆಯ 12×12 ಜಾಗಕ್ಕೆ ಬೇರೆ ಹೂವಿನ ಸ್ಟೆನ್ಸಿಲ್. ಬಳ್ಳಿಯನ್ನು ಮೂಲೆಯಲ್ಲಿ ಬಾಗಿಸುವ ಕಷ್ಟವೇ ಇಲ್ಲ.

ಬಟ್ಟೆ ಕೋರಾ ಹತ್ತಿಯ, ಒತ್ತಾಗಿ ನೇಯ್ದ ಡಕ್ ಕ್ಯಾನ್ವಾಸ್ ಆಗಿರಲಿ. 10ನೇ ನಂಬರಿನದು ಚದರ ಮೀಟರಿಗೆ ಸುಮಾರು 500 ಗ್ರಾಂ, 8ನೇ ನಂಬರಿನದು ಸುಮಾರು 610 ಗ್ರಾಂ. ನಂಬರ್ ಕಡಿಮೆಯಾದಷ್ಟು ಬಟ್ಟೆ ದಪ್ಪ. ನೆಲದ ಮೇಲೆ ಚಪ್ಪಟೆಯಾಗಿ ಕೂರಬೇಕಾದರೆ ಭಾರವೇ ಮುಖ್ಯ, 10ಕ್ಕಿಂತ ತೆಳುವಾದದ್ದನ್ನು ಮುಟ್ಟಲೇಬೇಡಿ. ತರುವಾಗ ಸುತ್ತಿಸಿಕೊಂಡೇ ತನ್ನಿ. ಮಡಚಿ ತಂದರೆ ಆ ಗೆರೆ ಕೊನೆಯವರೆಗೂ ಕಾಣುತ್ತದೆ. ಒಗೆಯಲೂ ಬೇಡಿ, ಸುಕ್ಕು ಹೋಗುವುದಿಲ್ಲ.

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲ್ಮೈಗೆ ಎರಡು ಕೋಟ್, ಹಿಂಬದಿಗೆ ಒಂದು ಕೋಟ್ ಅಕ್ರಿಲಿಕ್ ಪ್ರೈಮರ್ (ಬಣ್ಣಕ್ಕಿಂತ ಮೊದಲು ಹಾಕುವ ತಳಪದರ) ರೋಲರಿನಲ್ಲಿ ಬಳಿಯಿರಿ. ಒಂದು ಲೀಟರ್ ತಂದಿಟ್ಟುಕೊಳ್ಳಿ, ಕಚ್ಚಾ ಬಟ್ಟೆ ಮೊದಲ ಕೋಟನ್ನು ಧಾರಾಳವಾಗಿ ಕುಡಿಯುತ್ತದೆ. ಒದ್ದೆಯಾದಾಗ ಬಟ್ಟೆ ಕುಗ್ಗಿ, ಅಲ್ಲಲ್ಲಿ ಉಬ್ಬುತ್ತದೆ; ಹೆದರಬೇಡಿ, ಅಂಚುಗಳನ್ನು ಕೈಯಿಂದ ಎಳೆದು ಸಮ ಮಾಡಿ. ಹಿಂಬದಿಯ ಕೋಟ್ ಬಿಟ್ಟವರ ಹಾಸು ಕೆಲವೇ ತಿಂಗಳಲ್ಲಿ ಬಾಳೆಲೆಯಂತೆ ಸುರುಳಿಕೊಳ್ಳುತ್ತದೆ: ಮೇಲಿನ ಪದರಗಳು ಒಣಗುತ್ತ ಬಿಗಿಯಾಗಿ ಬಟ್ಟೆಯನ್ನು ತಮ್ಮ ಕಡೆ ಎಳೆಯುತ್ತವೆ, ಹಿಂದಿನಿಂದ ತಡೆಯುವ ಪದರ ಇರುವುದಿಲ್ಲ. ಕೋಟ್‌ಗಳ ನಡುವೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ.

ಅಂಚು ಮಡಚುವ ಕೆಲಸ ಪ್ರೈಮರ್ ಆದ ಮೇಲೆ, ಬಣ್ಣಕ್ಕಿಂತ ಮೊದಲು. ಬಣ್ಣವೆಲ್ಲ ಮುಗಿದ ಮೇಲೆ ಮಡಚಿದರೆ ಮಡಿಕೆಯ ಉದ್ದಕ್ಕೂ ಬಿರುಕು ಬಿಡುತ್ತದೆ. 119×179ರ ಆಯತ ಗುರುತಿಸಿ. ಎರಡು ಕರ್ಣಗಳೂ ಸುಮಾರು 215 ಸೆಂ.ಮೀ. ಬಂದರೆ ಮೂಲೆಗಳು ಸರಿಯಾಗಿವೆ. ಒಂದು ಉದ್ದ, ಒಂದು ಗಿಡ್ಡ ಇದ್ದರೆ ಮತ್ತೆ ಗೆರೆ ಹಾಕಿ, ಆಮೇಲೆ ಕತ್ತರಿಸಿ. ಹಿಂಬದಿಯಲ್ಲಿ ಅಂಚಿನಿಂದ 2.5 ಒಳಗೆ ಚಮಚದ ಹಿಡಿಯಿಂದ ಗೀರು ಎಳೆಯಿರಿ. ಮೂಲೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಆದರೆ ಗೀರುಗಳು ಸೇರುವ ಬಿಂದುವಿನಿಂದ 3 ಮಿ.ಮೀ. ಬಿಟ್ಟು. ಪೂರ್ತಿ ಬಿಂದುವಿನವರೆಗೆ ಕತ್ತರಿಸಿದರೆ ಮೂಲೆಯಲ್ಲಿ ತೂತು ಕಾಣುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಬದಿಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಮಡಚಿ, ರೋಲರಿನಿಂದ ಒತ್ತಿ. ಹೊಲಿಗೆ ಬೇಡ, ಸೂಜಿಯ ತೂತುಗಳಿಂದ ನೀರು ಇಳಿಯುತ್ತದೆ, ನೂಲು ಮೊದಲು ಸವೆಯುತ್ತದೆ.

ಮೂಲ ಬಣ್ಣ ಎರಡು ಕೋಟ್, ಒಂದು ಅಡ್ಡಲಾಗಿ, ಇನ್ನೊಂದು ಉದ್ದಕ್ಕೆ. ತಿಳಿ ಬಣ್ಣವನ್ನೇ ಕೆಳಗೆ ಹಾಕಿ. ಅರ್ಧ ಲೀಟರ್ ಸಾಕು, ಗಾಢ ಬಣ್ಣ ಕಾಲು ಲೀಟರ್. ಒಂದು ದಿನ ಒಣಗಿದ ಮೇಲೆ ಅಂಗಳದ ನಾಲ್ಕೂ ಬದಿಗೆ, ಮೂಲೆಯಿಂದ 15 ಸೆಂ.ಮೀ.ಗೆ ಮೊದಲನೆಯದು, ಆಮೇಲೆ 30 ಸೆಂ.ಮೀ.ಗೊಂದರಂತೆ ಗುರುತು ಹಾಕಿ ಓರೆ ಗೆರೆಗಳನ್ನು ಕೂಡಿಸಿ. ಪೆನ್ಸಿಲ್ ಹಗುರವಾಗಿರಲಿ, ವಾರ್ನಿಷ್ ಬಿದ್ದ ಮೇಲೆ ಅಳಿಸಲಾಗದು. 15 ಚೌಕಗಳು ಗಾಢ ಬಣ್ಣದವು, ಎಲ್ಲವೂ ಪೂರ್ತಿ. ತಿಳಿ ಬಣ್ಣದವು ನಡುವೆ 8 ಪೂರ್ತಿ, ಬದಿಗಳಲ್ಲಿ 12 ಅರ್ಧ, ಮೂಲೆಗಳಲ್ಲಿ 4 ಕಾಲು.

ಈ ಹದಿನೈದನ್ನೂ ಒಟ್ಟಿಗೆ ಟೇಪ್ ಹಾಕಲು ಹೋಗಬೇಡಿ. ಗಾಢ ಚೌಕಗಳು ತುದಿಗೆ ತುದಿ ಮುಟ್ಟುವುದರಿಂದ ಒಂದರ ಟೇಪ್ ಮುಂದುವರಿದು ಪಕ್ಕದ್ದರ ಮೇಲೆ ಕೂರುತ್ತದೆ. ಒಂದು ಬಿಟ್ಟು ಒಂದರಂತೆ ಮೊದಲು 8, ಒಣಗಿದ ಮೇಲೆ ಉಳಿದ 7. ಟೇಪಿನ ಒಳಬದಿಗೆ ಮೊದಲು ಕೆಳಗಿನ ತಿಳಿ ಬಣ್ಣವನ್ನೇ ತೆಳುವಾಗಿ ಬಳಿಯಿರಿ. ಕ್ಯಾನ್ವಾಸಿನ ನೇಯ್ಗೆಯ ಸಂದುಗಳನ್ನು ಅದೇ ತುಂಬುತ್ತದೆ, ಗಾಢ ಬಣ್ಣ ಜಿನುಗಲು ದಾರಿ ಉಳಿಯುವುದಿಲ್ಲ. ಬಣ್ಣ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ.

ಸ್ಟೆನ್ಸಿಲ್‌ಗೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ, ಸುಮಾರು 0.2 ಮಿ.ಮೀ. ದಪ್ಪದ್ದು. ಗಾಜಿನ ಮೇಲಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ. ತಿರುವು ಬಂದಾಗ ಚಾಕುವನ್ನು ತಿರುಗಿಸಬೇಡಿ, ಹಾಳೆಯನ್ನೇ ತಿರುಗಿಸಿ. ಎಲೆಗೂ ದಂಟಿಗೂ ನಡುವಿನ ಸೇತುವೆ 3 ಮಿ.ಮೀ.ಗಿಂತ ಕಿರಿದಾದರೆ ಒರೆಸುವಾಗ ಹರಿಯುತ್ತದೆ. 12 ಸೆಂ.ಮೀ. ಅಂಚಿಗೆ ಚಿತ್ರ 9 ಸೆಂ.ಮೀ. ಅಗಲ ಇದ್ದರೆ ಎರಡೂ ಕಡೆ ಉಸಿರಾಡಲು ಜಾಗ ಉಳಿಯುತ್ತದೆ. ಹಾಳೆಯ ಎರಡೂ ತುದಿಯಲ್ಲಿ ಮುಂದಿನ ಆವರ್ತದ ಒಂದು ಎಲೆಯ ತುದಿಯನ್ನೂ ಗುರುತಿಗಾಗಿ ಬರೆದಿಡಿ. ಬಣ್ಣ ಹಚ್ಚಿದ ಎಲೆಯ ಮೇಲೆ ಅದನ್ನು ಕೂರಿಸಿದರೆ ಸಾಲು ತಾನೇ ನೇರವಾಗುತ್ತದೆ. ಎರಡು ಬಣ್ಣವಿದ್ದರೆ ಎರಡು ಹಾಳೆ.

ಸ್ಟೆನ್ಸಿಲ್ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕುಂಚದಲ್ಲಿ ಬಣ್ಣ ಹೆಚ್ಚಾಗಿರುವುದು. ಗಿಡ್ಡ, ಬಿರುಸು ಕೂದಲಿನ ದುಂಡು ಕುಂಚದ ತುದಿಯನ್ನಷ್ಟೇ ಬಣ್ಣಕ್ಕೆ ಮುಟ್ಟಿಸಿ, ಹಳೆಯ ಬಟ್ಟೆಯ ಮೇಲೆ ಗಿರಗಿರ ತಿರುಗಿಸಿ ಬಹುಪಾಲು ಒರೆಸಿಬಿಡಿ. ಕೈ ಬೆನ್ನಿಗೆ ತಾಗಿಸಿದರೆ ಪುಡಿಯಂಥ ಗುರುತು ಬೀಳಬೇಕು, ಹಸಿ ಮೆತ್ತಬಾರದು. ಆಮೇಲೆ ಕುಂಚವನ್ನು ನೆಟ್ಟಗೆ ಹಿಡಿದು ಕುಟ್ಟಿ, ಅಂಚಿನಿಂದ ಒಳಕ್ಕೆ. ಒಂದೇ ಸಲಕ್ಕೆ ದಟ್ಟ ಮಾಡಲು ಹೋಗದೆ ಎರಡು ಸುತ್ತು ಹಚ್ಚಿ. ನಾಲ್ಕೈದು ಆವರ್ತಕ್ಕೊಮ್ಮೆ ಹಾಳೆಯ ಹಿಂಬದಿ ಒರೆಸಿ. ಅಲ್ಲಿ ಸೇರಿದ ಬಣ್ಣ ಮುಂದಿನ ಜಾಗದಲ್ಲಿ ಮಸಿಯಂತೆ ಅಂಟುತ್ತದೆ. ಕೆಲಸವನ್ನು ಮೂಲೆಗಳಿಂದ ಶುರುಮಾಡಿ ನಡುವಿಗೆ ಬನ್ನಿ. 2-3 ಮಿ.ಮೀ. ತಪ್ಪಿದ್ದರೂ ಬದಿಯ ನಡುವಿನ ನಾಲ್ಕು ಆವರ್ತಗಳಲ್ಲಿ ಹಂಚಿದರೆ ಕಣ್ಣಿಗೆ ಬೀಳದು, ಮೂಲೆಯಲ್ಲಿ ಬಿದ್ದೇ ಬೀಳುತ್ತದೆ.

ವಾರ್ನಿಷ್ ಹಾಕುವ ಮುನ್ನ ಎರಡು ದಿನ ಸುಮ್ಮನೆ ಬಿಡಿ. ಒಣಗಿದಂತೆ ಕಾಣುವ ಬಣ್ಣದೊಳಗೆ ತೇವ ಉಳಿದಿದ್ದರೆ ಮೇಲಿನ ಪದರ ಮಂಜಾಗುತ್ತದೆ, ಜಿಗುಟು ಹೋಗುವುದೇ ಇಲ್ಲ. ನೀರು ಆಧಾರಿತ ಪಾಲಿಯುರೆಥೇನ್, ಸ್ಯಾಟಿನ್ ಹೊಳಪಿನದು, ತೆಳುವಾಗಿ ನಾಲ್ಕು ಕೋಟ್. ಎಲ್ಲಕ್ಕೂ ಒಂದು ಲೀಟರ್ ಸಾಲುತ್ತದೆ. ಎಣ್ಣೆ ಆಧಾರಿತದ್ದು ಗಟ್ಟಿ, ಆದರೆ ಹಳದಿ ತಿರುಗುತ್ತದೆ, ಬಿಳಿ ಚೌಕಗಳು ಕೆನೆಬಣ್ಣ ಆಗುತ್ತವೆ. ಡಬ್ಬಿಯನ್ನು ಅಲುಗಾಡಿಸದೆ ಕಡ್ಡಿಯಿಂದ ಕಲಕಿ, ಇಲ್ಲದಿದ್ದರೆ ಗುಳ್ಳೆಗಳು ಹಾಗೇ ಒಣಗಿ ನಿಲ್ಲುತ್ತವೆ. ಪ್ರತಿ ಕೋಟ್ ನಡುವೆ ಹಗುರ ಉಜ್ಜು, ಕೊನೆಯದಕ್ಕೆ ಬೇಡ. ಓಡಾಟಕ್ಕೆ ಹಾಸುವ ಮುನ್ನ ಎರಡು ವಾರ ಕಾದರೆ ಒಳ್ಳೆಯದು.

ಹಾಸಿದ ಮೇಲೆ ಇದರ ದೊಡ್ಡ ಶತ್ರು ಮರಳಿನ ಕಣ, ದಿನವೂ ಗುಡಿಸಿ. ಒದ್ದೆ ಬಟ್ಟೆಗೆ ಸ್ವಲ್ಪ ಸೌಮ್ಯ ಸೋಪು ಸಾಕು, ಅಮೋನಿಯಾ ಇರುವ ದ್ರಾವಣ ವಾರ್ನಿಷನ್ನು ಮೆದುಮಾಡುತ್ತದೆ. ಕೆಳಗೆ ಜಾರದಂತೆ ತೆಳುವಾದ ಪ್ಯಾಡ್ ಇರಲಿ. ಮೆತ್ತನೆಯ ದಪ್ಪ ಹಾಸಿನ ಮೇಲೆ ಹಾಕಿದರೆ ಕುರ್ಚಿಯ ಕಾಲು ಬಟ್ಟೆಯನ್ನು ಕುಳಿ ಮಾಡಿ ಬಣ್ಣ ಒಡೆಯುತ್ತದೆ. ತೆಗೆದಿಡುವಾಗ ಮಡಚಬೇಡಿ, ಗೇಣಗಲದ ಕೊಳವೆಗೆ ಚಿತ್ರ ಹೊರಗೆ ಬರುವಂತೆ ಸುತ್ತಿ. ಚಳಿಯಲ್ಲಿ ಬಿಚ್ಚುವುದಾದರೆ ಬೆಚ್ಚಗಿನ ಕೋಣೆಯಲ್ಲಿ ಕೆಲವು ಗಂಟೆ ಇಟ್ಟು ಬಿಚ್ಚಿ. ಓಡಾಡುವ ದಾರಿಯಲ್ಲಿ ಹೊಳಪು ಮಾಸಿದ್ದು ಕಂಡ ಕೂಡಲೇ, ಬಣ್ಣ ಸವೆಯುವವರೆಗೆ ಕಾಯದೆ, ಉಜ್ಜಿ ಇನ್ನೊಂದು ಕೋಟ್ ವಾರ್ನಿಷ್ ಕೊಡಿ. ನಡುವೆ ಮೇಣ ಹಚ್ಚಿದ್ದರೆ ಮಾತ್ರ ಅದನ್ನು ಪೂರ್ತಿ ತೆಗೆಯದೆ ಹೊಸ ಕೋಟ್ ಹಿಡಿಯುವುದಿಲ್ಲ.