ಬಾಗಿಲ ಬೆಲ್ಲಿನ ಹಿಂದಿನ ಎರಡು ವೈರ್: ವಿಡಿಯೊ ಡೋರ್‌ಬೆಲ್ ಕೂರಿಸುವವರಿಗೆ

ವಿಡಿಯೊ ಡೋರ್‌ಬೆಲ್ ಕೂರಿಸಿ ಬಂದ ಮೇಲೆ ಬರುವ ಫೋನುಗಳು ಹೆಚ್ಚಾಗಿ ಒಂದೇ ಮಾತಿನಿಂದ ಶುರುವಾಗುತ್ತವೆ: ‘ವೈಫೈ ಸರಿ ಇಲ್ಲ ಮಾರಾಯ್ರೆ, ಆಫ್‌ಲೈನ್ ಅಂತ ತೋರಿಸ್ತದೆ.’ ಹೋಗಿ ಮೀಟರ್ ಹಿಡಿದು ನೋಡಿದರೆ ಎಷ್ಟೋ ಸಲ ವೈಫೈ ಚೆನ್ನಾಗಿಯೇ ಇರುತ್ತದೆ, ಬೆಲ್ಲಿಗೆ ಸೇರಬೇಕಾದ ವೋಲ್ಟೇಜ್ ಸೇರಿರುವುದಿಲ್ಲ. ಕರೆಂಟ್ ಸಾಲದ ಡೋರ್‌ಬೆಲ್ ‘ನನಗೆ ಕರೆಂಟ್ ಸಾಲದು’ ಎಂದು ಹೇಳುವುದಿಲ್ಲ. ವಿಡಿಯೊ ತೆರೆದಾಗ, ಗುಂಡಿ ಒತ್ತಿದಾಗ, ರಾತ್ರಿ ಕತ್ತಲಾದಾಗ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ. ಆ್ಯಪ್ ನೋಡುವವರ ಕಣ್ಣಿಗೆ ಅದು ನೆಟ್‌ವರ್ಕ್ ತೊಂದರೆ. ಆದ್ದರಿಂದ ಕಾರವಾರ, ಕುಮಟಾ, ಹೊನ್ನಾವರದ ಕಡೆ ಇರಲಿ, ಘಟ್ಟದ ಮೇಲೆ ಶಿರಸಿಯಲ್ಲಿರಲಿ, ಈ ಕೆಲಸಕ್ಕೆ ಹೋದವರು ಡಬ್ಬಿ ತೆರೆಯುವ ಮೊದಲು ಗೋಡೆಯಲ್ಲಿರುವ ಹಳೆಯ ಬೆಲ್ ಸ್ವಿಚ್ಚನ್ನು ಬಿಚ್ಚಿ ನೋಡಬೇಕು.

ವೈರ್ ಬೇಡುವ ಡೋರ್‌ಬೆಲ್‌ಗಳಲ್ಲಿ ಹಲವು ಅಮೆರಿಕದ ಮನೆಗಳ ಲೆಕ್ಕದಲ್ಲಿ ತಯಾರಾದವು. ಅಲ್ಲಿ ಬೆಲ್ಲಿಗೆಂದೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇದ್ದು, ಬಾಗಿಲ ಬಳಿ ಬರುವ ಎರಡು ವೈರ್‌ಗಳಲ್ಲಿ 16ರಿಂದ 24 ವೋಲ್ಟ್ ಎಸಿ ಮಾತ್ರ ಇರುತ್ತದೆ. ನಮ್ಮಲ್ಲಿ ಬೆಲ್ ಸ್ವಿಚ್ಚಿಗೆ ನೇರ 230 ವೋಲ್ಟಿನ ಫೇಸ್ ಬರುತ್ತದೆ. ಡಬ್ಬಿಯೊಳಗಿನ ಚಿತ್ರದಲ್ಲಿ ‘ಹಳೆಯ ಬೆಲ್ಲಿನ ಎರಡು ವೈರ್‌ಗಳನ್ನು ಇಲ್ಲಿ ಸಿಕ್ಕಿಸಿ’ ಎಂದು ತೋರಿಸಿದ್ದನ್ನು ನಂಬಿ ಹಾಗೇ ಮಾಡಿದರೆ ಯಂತ್ರ ಸುಟ್ಟೇ ಹೋಗುವ ಸಂಭವವಿದೆ. ವಾರಂಟಿಯಲ್ಲಿ ಅದು ಬರುವುದೂ ಕಷ್ಟ. ಇನ್ನೊಂದು ಮಾತು. ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಸೆಟ್ ಆದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ ಇನ್‌ಪುಟ್ ವೋಲ್ಟೇಜ್ ಓದಿ. ದುಬೈ ಕಡೆಯದಾದರೆ 220-240 ಇರುತ್ತದೆ, ನಮ್ಮ ಲೈನಿಗೆ ಸರಿ. ಅಮೆರಿಕದ್ದು 120 ವೋಲ್ಟಿನದು. ಅದನ್ನು ಇಲ್ಲಿನ ಲೈನಿಗೆ ಹಾಕಲೇಬಾರದು.

ಈಗ ಸ್ವಿಚ್ ಬಿಚ್ಚುವ ಕೆಲಸ. ಮೇನ್ ಆಫ್ ಮಾಡಿದೆವು, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೆಚ್ಚೆಂದು ಜಗಲಿಯ ಲೈಟು, ಬೆಲ್ಲು, ಹಾಲ್ ಫ್ಯಾನು ಇವನ್ನೆಲ್ಲ ಇನ್ವರ್ಟರ್ ಲೈನಿಗೆ ಕೊಟ್ಟಿರುತ್ತಾರೆ. ಮೇನ್ ತೆಗೆದ ಕೂಡಲೇ ಇನ್ವರ್ಟರ್ ಏಳುತ್ತದೆ, ಬೆಲ್ ಸ್ವಿಚ್ಚಿನಲ್ಲಿ ಮತ್ತೆ 230 ವೋಲ್ಟ್. ಮೊದಲು ಇನ್ವರ್ಟರ್ ಆಫ್, ಆಮೇಲೆ ಮೇನ್ ಆಫ್, ಆಮೇಲೆ ಟೆಸ್ಟರ್. ಪ್ಲೇಟ್ ತೆಗೆದರೆ ಒಳಗೆ ಸಾಮಾನ್ಯವಾಗಿ ಕಾಣುವುದು ಎರಡು ವೈರ್, ಎರಡು ಸ್ಕ್ರೂ. ಕಡಲ ಕಡೆಯ ಮನೆಯಾದರೆ ಸ್ಕ್ರೂ ಸುತ್ತ ಹಸಿರು ಕಿಲುಬು, ಬರಿ ತಾಮ್ರದ ತುದಿ ಕಪ್ಪಾಗಿರುತ್ತದೆ. ಯಾವುದು ಫೇಸ್ ಎಂದು ತಿಳಿಯಲು ವೈರ್ ಮುಟ್ಟದೆ ಮತ್ತೆ ಲೈನ್ ಕೊಟ್ಟು ಟೆಸ್ಟರ್ ಇಟ್ಟರೆ ಒಂದು ಪೂರ್ತಿ ಬೆಳಗುತ್ತದೆ, ಇನ್ನೊಂದು ಕೆಲವು ಸಲ ಮಂಕಾಗಿ ಮಿಣುಕುತ್ತದೆ. ಆ ಮಿಣುಕು ಮೋಸ. ಒಂದೇ ಪೈಪಿನಲ್ಲಿ ಪಕ್ಕದಲ್ಲಿ ಓಡುವ ವೈರ್‌ನಿಂದ ತಾಗಿದ ಹುಸಿ ವೋಲ್ಟೇಜ್ ಅದು. ಡಿಜಿಟಲ್ ಮೀಟರ್ ಸಹ ಅಲ್ಲಿ 40, 60, 90 ಎಂದು ಏನಾದರೊಂದು ತೋರಿಸುತ್ತದೆ. ಖಚಿತ ಮಾಡಿಕೊಳ್ಳಲು ಹೋಲ್ಡರಿಗೆ ಸಿಕ್ಕಿಸಿದ ಹಳೆಯ ಫಿಲಮೆಂಟ್ ಬಲ್ಬಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ನಿಜವಾದ ಫೇಸ್-ನ್ಯೂಟ್ರಲ್ ಆದರೆ ಬೆಳಗುತ್ತದೆ, ಹುಸಿಯಾದರೆ ಇಲ್ಲ.

ಈ ಎರಡು ವೈರ್‌ಗಳಲ್ಲಿ ಒಂದು ಫೇಸ್, ಇನ್ನೊಂದು ಒಳಗಿನ ಬೆಲ್ಲಿಗೆ ಹೋಗುವ ರಿಟರ್ನ್. ನ್ಯೂಟ್ರಲ್ ಇಲ್ಲ. ಅತ್ತ ಒಳಗೆ ಬೆಲ್ ಇರುವಲ್ಲಿ ಅದೇ ರಿಟರ್ನ್ ಮತ್ತು ಒಂದು ನ್ಯೂಟ್ರಲ್ ಸಿಗುತ್ತದೆ, ಅಲ್ಲಿ ಸದಾ ಇರುವ ಫೇಸ್ ಇಲ್ಲ. ಅಂದರೆ ಎರಡು ಪಾಯಿಂಟ್‌ಗಳ ನಡುವೆ ಖಾಸಾ ಓಡುವುದು ಒಂದೇ ವೈರ್. ‘ಇರುವ ವೈರ್‌ನಲ್ಲೇ ಟ್ರಾನ್ಸ್‌ಫಾರ್ಮರ್ ಸೇರಿಸಿ’ ಎನ್ನುವ ಉಪಾಯ ಇಲ್ಲಿ ಸೋಲುವುದು ಇದಕ್ಕೇ. ನ್ಯೂಟ್ರಲ್ ಬೇಕೆಂದು ಪಕ್ಕದ ಬೋರ್ಡಿನಿಂದ ಸಿಕ್ಕಿದ್ದನ್ನು ಎಳೆದರೆ ಇನ್ನೊಂದು ತೊಂದರೆ: ಫೇಸ್ ಒಂದು ಸರ್ಕ್ಯೂಟಿನದು, ನ್ಯೂಟ್ರಲ್ ಇನ್ನೊಂದರದ್ದಾದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ನ್ಯೂಟ್ರಲ್ ಬದಲು ಅರ್ಥ್ ಬಳಸುವವರೂ ಇದ್ದಾರೆ. ಅದು ಜೀವಕ್ಕೇ ಅಪಾಯ, ಯಾವ ಕಾರಣಕ್ಕೂ ಕೂಡದು.

ಹೆಚ್ಚಿನ ಮನೆಗಳಲ್ಲಿ ಸುಲಭದ ದಾರಿ ಗೋಡೆಯ ಆಚೆ ಬದಿಯಲ್ಲಿದೆ. ಬಾಗಿಲ ಪಕ್ಕದ ಗೋಡೆಯ ಒಳಬದಿ, ಹಾಲಿನಲ್ಲಿ ಯಾವುದಾದರೂ ಸಾಕೆಟ್ ಇದ್ದೇ ಇರುತ್ತದೆ. ಅಲ್ಲಿ ಅಡಾಪ್ಟರ್ ಸಿಕ್ಕಿಸಿ, ಗೋಡೆಗೆ 10 ಅಥವಾ 12 ಮಿಲಿಮೀಟರಿನ ತೂತು ಹೊಡೆದು, ಎರಡು ಎಳೆಯ ವೈರ್ ಹೊರಗೆ ತೆಗೆದರೆ ಮುಗಿಯಿತು. ತೂತು ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿರಬೇಕು, ಹೊರಗಿನ ನೀರು ಒಳಗೆ ಹರಿಯಬಾರದು. ಹಳೆಯ ಬೆಲ್ ಸ್ವಿಚ್ಚನ್ನು ಹಾಗೇ ಬಿಡಿ. ಮನೆಯವರು ‘ಎರಡೆರಡು ಯಾಕೆ’ ಎಂದು ಕೇಳುತ್ತಾರೆ. ನೆಟ್ ಇಲ್ಲದ ದಿನ ಪೋಸ್ಟಿನವರು ಬಂದರೆ, ಫೋನ್ ಬಳಸದ ಅಜ್ಜಿ ಒಬ್ಬರೇ ಇದ್ದರೆ, ಆ ಹಳೆಯ ಡಿಂಗ್‌ಡಾಂಗೇ ಕೆಲಸಕ್ಕೆ ಬರುವುದು. ಹೊಸ ವೈರನ್ನು 230 ಇರುವ ಪೈಪಿನೊಳಗೆ ಮಾತ್ರ ತೂರಿಸಬೇಡಿ. ಇನ್ಸುಲೇಶನ್ ಎಲ್ಲಾದರೂ ಸುಲಿದರೆ ಬಾಗಿಲ ಗುಂಡಿಗೇ ಫೇಸ್ ಬರುತ್ತದೆ.

ಎಸಿಯೋ ಡಿಸಿಯೋ ಎಂಬ ಪ್ರಶ್ನೆಗೆ ನಮ್ಮ ಊರಿನ ಲೈನೇ ಉತ್ತರ ಹೇಳುತ್ತದೆ. ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರ್ ಇನ್‌ಪುಟ್ಟಿಗೆ ತಕ್ಕಂತೆ ಔಟ್‌ಪುಟ್ ಕೊಡುತ್ತದೆ. 230ಕ್ಕೆ 16 ವೋಲ್ಟ್ ಎಂದಿದ್ದರೆ, ಲೈನಿನ ತುದಿಯಲ್ಲಿರುವ ತೋಟದ ಮನೆಯಲ್ಲಿ ಪಂಪು ಓಡುವ ಹೊತ್ತಿಗೆ 170ಕ್ಕೆ ಇಳಿದಾಗ ಸಿಗುವುದು 12 ವೋಲ್ಟಿಗೂ ಕಡಿಮೆ. ಬೆಲ್ ಬಂದ್. ಹಾಗೆಂದು 24 ವೋಲ್ಟಿನದು ಹಾಕಿದರೆ, ನಡುರಾತ್ರಿ ಲೈನ್ 250 ದಾಟಿದಾಗ, ಲೋಡ್ ಕಡಿಮೆ ಇರುವಾಗ, 28-29 ವೋಲ್ಟ್ ಬರುತ್ತದೆ. 100-240 ಎಂದು ಬರೆದಿರುವ ಎಸ್‌ಎಂಪಿಎಸ್ ಅಡಾಪ್ಟರಿಗೆ (ಮೊಬೈಲ್ ಚಾರ್ಜರಿನಂಥ, ಸ್ಥಿರ ಡಿಸಿ ಕೊಡುವ ಅಡಾಪ್ಟರ್) ಈ ಏರಿಳಿತ ಲೆಕ್ಕಕ್ಕಿಲ್ಲ. ಆದ್ದರಿಂದ ಡಿಸಿ ತೆಗೆದುಕೊಳ್ಳುವ ಮಾಡೆಲ್ ಆದರೆ ಕಣ್ಣುಮುಚ್ಚಿ ಡಿಸಿ ಆರಿಸಿ. ಕೈಪಿಡಿಯಲ್ಲಿ ಎಸಿ ಮಾತ್ರ ಎಂದಿದ್ದರೆ ಡಿಸಿ ಕೊಟ್ಟು ಪ್ರಯೋಗ ಮಾಡಬೇಡಿ. ಚೈಮ್ (ಮನೆಯೊಳಗೆ ಸದ್ದು ಮಾಡುವ ಬೆಲ್) ಇಲ್ಲದೆ ನೇರ ಟ್ರಾನ್ಸ್‌ಫಾರ್ಮರಿಗೆ ಕೊಡುವಾಗ ಕೆಲವು ಮಾಡೆಲ್‌ಗಳಿಗೆ ನಡುವೆ ರೆಸಿಸ್ಟರ್ ಬೇಕು, ಅದನ್ನೂ ಕೈಪಿಡಿಯಲ್ಲೇ ನೋಡಿಕೊಳ್ಳಿ. ಡಿಸಿಯಲ್ಲಿ ಪ್ಲಸ್-ಮೈನಸ್ ತಿರುಗದಂತೆ ಎರಡೂ ತುದಿಗೆ ಗುರುತು ಹಾಕಿ.

ಮುಂದಿನ ತಪ್ಪು ವೈರ್‌ನದು. ಮನೆಯಲ್ಲಿ ಉಳಿದಿದ್ದ ಟೆಲಿಫೋನ್ ವೈರನ್ನು ಎಳೆದುಬಿಡುತ್ತಾರೆ. ಅದರ ಎಳೆ 0.5 ಮಿಲಿಮೀಟರ್ ದಪ್ಪ, ಕಿಲೋಮೀಟರಿಗೆ ಸುಮಾರು 90 ಓಮ್. ಅಡಾಪ್ಟರ್ 15 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ 30 ಮೀಟರ್, ಅಂದರೆ 2.7 ಓಮ್. 12 ವೋಲ್ಟಿನಲ್ಲಿ 10 ವ್ಯಾಟ್ ಎಳೆಯುವ ಬೆಲ್ಲಿಗೆ ಸುಮಾರು 0.83 ಆ್ಯಂಪಿಯರ್ ಬೇಕು. ದಾರಿಯಲ್ಲೇ 2.2 ವೋಲ್ಟ್ ಹೋಯಿತು, ಬಾಗಿಲಿಗೆ ಮುಟ್ಟಿದ್ದು 10ಕ್ಕಿಂತ ಕಡಿಮೆ. ಅದೇ 0.75 ಚದರ ಮಿಲಿಮೀಟರಿನ ತಾಮ್ರದ ವೈರ್ ಆದರೆ ನಷ್ಟ 0.65 ವೋಲ್ಟ್ ಅಷ್ಟೇ. ಯಂತ್ರ 24 ವೋಲ್ಟ್ ತಾಳುವುದಾದರೆ ಕರೆಂಟ್ ಅರ್ಧವಾಗಿ ನಷ್ಟ ಇನ್ನೂ ಇಳಿಯುತ್ತದೆ. ಅಗ್ಗದ ವೈರ್‌ಗಳಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದು ಬರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ.

ಕೂರಿಸಿ ಮುಗಿದ ಮೇಲೆ ಮೀಟರನ್ನು ಬೆಲ್ಲಿನ ಟರ್ಮಿನಲ್ಲಿಗೇ ಹಿಡಿದು ಅಳೆಯಬೇಕು, ಅದೂ ಲೋಡಿನಲ್ಲಿ. ಸುಮ್ಮನೆ ಇದ್ದಾಗ 12 ತೋರಿಸಿದ್ದಕ್ಕೆ ಅರ್ಥವಿಲ್ಲ. ಸೆನ್ಸರ್ ಮೇಲೆ ಅಂಗೈ ಅಡ್ಡ ಹಿಡಿದು ಕತ್ತಲು ಮಾಡಿ, ಇನ್‌ಫ್ರಾರೆಡ್ ದೀಪ ಹೊತ್ತಿಕೊಳ್ಳುತ್ತದೆ. ಫೋನಿನಲ್ಲಿ ಲೈವ್ ತೆರೆಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು ಗುಂಡಿ ಒತ್ತಲಿ. ಆಗಲೂ ವೋಲ್ಟೇಜ್ ಕೈಪಿಡಿಯಲ್ಲಿ ಹೇಳಿದ ಕನಿಷ್ಠಕ್ಕಿಂತ ಮೇಲಿದ್ದರೆ ಮಾತ್ರ ಆ ರಾತ್ರಿ ಫೋನ್ ಬರುವುದಿಲ್ಲ.

ಇನ್ನು ಮಳೆ, ಉಪ್ಪುಗಾಳಿ. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಡಬ್ಬಿ ಮೇಲಿನ ‘ಐಪಿ65’ (ನೀರು, ಧೂಳು ತಡೆಯುವ ದರ್ಜೆ) ಎಂಬ ಅಕ್ಷರವನ್ನು ನಂಬಿ ಕೂರುವ ಹಾಗಿಲ್ಲ. ಆ ಪರೀಕ್ಷೆ ಯಂತ್ರದ ಮೈಗೆ ಮಾತ್ರ. ನೀರು ಬರುವುದು ಹಿಂದಿನಿಂದ, ಚಿರೇಕಲ್ಲಿನ ಗೋಡೆ ಕುಡಿದ ನೀರು, ಅಥವಾ ಸ್ಲ್ಯಾಬಿನ ಮೇಲಿನ ಪೈಪಿನೊಳಗಿಂದ ಇಳಿದು ಬಂದ ನೀರು. ಪೈಪಿನ ಬಾಯಿಯನ್ನು ಸಿಲಿಕೋನಿನಿಂದ ಮುಚ್ಚಿ. ಆದರೆ ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತನ್ನಿ. ಬೆಲ್ಲಿನ ಸುತ್ತ ಮೇಲೆ ಮತ್ತು ಎರಡು ಬದಿಗೆ ಸೀಲ್ ಮಾಡಿ, ಕೆಳಗಿನ ಅಂಚು ಬಿಟ್ಟುಬಿಡಿ. ಒಳಗೆ ಸೇರಿದ ತೇವ ಹೊರಹೋಗಲು ಅದೊಂದೇ ದಾರಿ. ಟರ್ಮಿನಲ್ಲಿಗೆ ಹೋಗುವ ಮೊದಲು ವೈರ್ ಕೆಳಗೆ ಬಾಗಿ ಮೇಲೇರಬೇಕು, ಹನಿ ಆ ಬಾಗಿನಲ್ಲೇ ಉದುರುತ್ತದೆ. ತುದಿಗೆ ಸೀಸ ಹಾಕಿ (ಸಾಲ್ಡರ್ ಮಾಡಿ) ಸ್ಕ್ರೂ ಬಿಗಿಯಬೇಡಿ, ಕಾಲಕ್ರಮೇಣ ಸಡಿಲವಾಗುತ್ತದೆ. ಫೆರೂಲ್ (ತುದಿಗೆ ತೊಡಿಸುವ ಲೋಹದ ಚಿಕ್ಕ ಕೊಳವೆ) ಹಾಕಿ ಒತ್ತಿದರೆ ಗಟ್ಟಿ. ಜೊತೆಗೆ ಬಂದ ಬಿಳಿ ಲೇಪದ ಸ್ಕ್ರೂಗಳು ಸಮುದ್ರದ ಬದಿಯಲ್ಲಿ ಬೇಗ ತುಕ್ಕು ಕಾರಿ ಗೋಡೆಯಲ್ಲಿ ಕಂದು ಗೆರೆ ಎಳೆಯುತ್ತವೆ. 316 ದರ್ಜೆಯ ಸ್ಟೇನ್‌ಲೆಸ್ ಸಿಕ್ಕರೆ ಅದನ್ನೇ ಹಾಕಿ, ಸಿಗದಿದ್ದರೆ 304.

ಚಿರೇಕಲ್ಲಿಗೆ ಡ್ರಿಲ್ ಹಾಕುವಾಗ ಹ್ಯಾಮರ್ ಮೋಡ್ ಬೇಡ, ಕಲ್ಲು ಪುಡಿಯಾಗಿ 6 ಮಿಲಿಮೀಟರಿನ ತೂತು 10 ಆಗುತ್ತದೆ. ಡಬ್ಬಿಯಲ್ಲಿ ಬರುವ ಗಿಡ್ಡ ಪ್ಲಗ್ ಗಾರೆಯಲ್ಲಷ್ಟೇ ನಿಲ್ಲುತ್ತದೆ. 8 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದದ್ದು ಬಳಸಿ. ಒಳಗೆ ಪೊಟರೆ ಸಿಕ್ಕರೆ ಸಿಮೆಂಟ್ ತುಂಬಿ ಮಾರನೇ ದಿನ ಬನ್ನಿ. ಎತ್ತರ ನೆಲದಿಂದ ನಾಲ್ಕು ಅಡಿ. ಪಕ್ಕದಲ್ಲಿ ಬಿಳಿ ಗೋಡೆಯೋ ಗ್ರಿಲ್ಲೋ ತೀರ ಹತ್ತಿರವಿದ್ದರೆ ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೆ ತಾಗಿ ವಾಪಸಾಗುತ್ತದೆ, ಚಿತ್ರವೆಲ್ಲ ಬೆಳ್ಳಗೆ, ಬಂದವರ ಮುಖ ಮಾತ್ರ ಕಾಣದು. ಓರೆ ಪಟ್ಟಿ ಹಾಕಿ ಬೆಲ್ಲನ್ನು ಹೊರಗೆ ತಿರುಗಿಸಿ.

ವೈಫೈ ವಿಷಯ ಇಷ್ಟೇ. ತೂತು ಹೊಡೆಯುವ ಮೊದಲು, ಬಾಗಿಲು ಮುಚ್ಚಿಕೊಂಡು, ಬೆಲ್ ಬರುವ ಜಾಗದಲ್ಲೇ ಫೋನ್ ಹಿಡಿದು ಸಿಗ್ನಲ್ ನೋಡಿ. ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ) ತನಕ ಚೆನ್ನ, ಮೈನಸ್ 75 ಅಂದರೆ ಮಳೆಯಲ್ಲಿ ಗೋಡೆ ನೆಂದ ದಿನ ಕಷ್ಟ. ಹಲವು ಬೆಲ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೌಟರಿನಲ್ಲಿ ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದು ಜೋಡಣೆ ಕೈಕೊಟ್ಟರೆ 2.4ಕ್ಕೆ ಬೇರೆ ಹೆಸರು ಕೊಡಿ, ವೈಫೈ ಪಾಸ್‌ವರ್ಡಿನ ಭದ್ರತೆ ಡಬ್ಲ್ಯುಪಿಎ2ಕ್ಕೆ ಇಡಿ. ಜೋಡಿಸುವುದು, ಅಪ್‌ಡೇಟ್ ಮಾಡುವುದು ಎಲ್ಲವನ್ನೂ ರೌಟರ್ ಪಕ್ಕ ಕೂತು ಮುಗಿಸಿ ಆಮೇಲೆ ಗೋಡೆಗೆ ಏರಿಸಿ. ಎದುರಿಗೆ ತೆಂಗಿನ ಸೋಗೆ ತೂಗಾಡುತ್ತಿದ್ದರೆ ಆ ಭಾಗವನ್ನು ಮೋಶನ್ ಝೋನಿನಿಂದ (ಚಲನೆ ಕಂಡರೆ ಸೂಚನೆ ಕೊಡುವ ಭಾಗದಿಂದ) ಹೊರಗಿಡಿ. ಇಲ್ಲದಿದ್ದರೆ ಗಾಳಿ ಬಂದಾಗೆಲ್ಲ ಫೋನ್ ಬಡಿದುಕೊಳ್ಳುತ್ತದೆ, ಮೂರೇ ದಿನದಲ್ಲಿ ಮನೆಯವರು ಸೂಚನೆಯನ್ನೇ ಆಫ್ ಮಾಡಿಬಿಡುತ್ತಾರೆ.

ಬೆಲ್ಲಿನ ಅಡಾಪ್ಟರ್, ರೌಟರ್, ಫೈಬರಿನ ಪೆಟ್ಟಿಗೆ, ಮೂರೂ ಇನ್ವರ್ಟರ್ ಲೈನಿನಲ್ಲೇ ಇರಬೇಕು. ಒಂದು ತಪ್ಪಿದರೂ ಉಳಿದೆರಡು ವ್ಯರ್ಥ. ಇನ್ವರ್ಟರಿನಲ್ಲಿ ‘ಯುಪಿಎಸ್’ ಸ್ವಿಚ್ ಇದ್ದರೆ ಅದರಲ್ಲಿಟ್ಟಾಗ ಕರೆಂಟ್ ಹೋಗಿಬರುವಾಗ ಬೆಲ್ ಬಂದ್ ಆಗುವುದಿಲ್ಲ. ಆದರೆ ವೋಲ್ಟೇಜ್ ಕಡಿಮೆಯ ಊರಲ್ಲಿ ಅದೇ ಸ್ವಿಚ್ 180ರ ಆಸುಪಾಸಿನಲ್ಲೇ ಬ್ಯಾಟರಿಗೆ ಹೊರಳಿ ಬ್ಯಾಟರಿ ಬರಿದು ಮಾಡುತ್ತದೆ. ಅಲ್ಲಿ ಆ ಮೋಡ್ ಬೇಡ, ರೌಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಒಂದು ಕೊಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗು, ಅಕ್ಟೋಬರಿನ ಹಿಂಗಾರು, ಈ ಎರಡು ಹೊತ್ತಿಗೆ ಡಿಬಿಯಲ್ಲಿ (ಮನೆಯ ಎಂಸಿಬಿ ಪೆಟ್ಟಿಗೆಯಲ್ಲಿ) ಟೈಪ್ 2 ಸರ್ಜ್ ಪ್ರೊಟೆಕ್ಟರ್ (ಲೈನಿನಲ್ಲಿ ನುಗ್ಗುವ ಹೆಚ್ಚಿನ ವೋಲ್ಟೇಜ್ ತಡೆಯುವ ಸಾಧನ) ಇರುವ ಮನೆ ಉಳಿದುಕೊಳ್ಳುತ್ತದೆ, ಅರ್ಥಿಂಗ್ ಸರಿಯಾಗಿದ್ದರೆ ಮಾತ್ರ. ಚಿರೇಕಲ್ಲಿನ ಗುಡ್ಡದ ಮೇಲೆ ಅರ್ಥ್ ಸುಲಭಕ್ಕೆ ಸಿಗುವುದಿಲ್ಲ, ಅಳೆದೇ ನೋಡಬೇಕು.

ಮನೆ ಇನ್ನೂ ಗಾರೆಯ ಹಂತದಲ್ಲಿದ್ದರೆ ಮಾಲೀಕರಿಗೆ ಒತ್ತಾಯ ಮಾಡಿಯಾದರೂ ಬಾಗಿಲಿನಿಂದ ರೌಟರ್ ಜಾಗದವರೆಗೆ ಪ್ರತ್ಯೇಕ 20 ಮಿಲಿಮೀಟರ್ ಪೈಪ್ ಹಾಕಿಸಿ, ಶುದ್ಧ ತಾಮ್ರದ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ಪಿಒಇ (ನೆಟ್‌ವರ್ಕ್ ಕೇಬಲ್ಲಿನಿಂದಲೇ ಕರೆಂಟ್ ಪಡೆಯುವ) ಮಾಡೆಲ್ ಹಾಕಿದರೆ ಕರೆಂಟೂ ನೆಟ್ಟೂ ಅದೇ ಒಂದು ವೈರ್‌ನಲ್ಲಿ 100 ಮೀಟರ್ ತನಕ ಬರುತ್ತದೆ. ಮೇಲೆ ಹೇಳಿದ ತಲೆನೋವಿನಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಇಲ್ಲವಾಗುತ್ತದೆ.

ಕೆಲಸ ಮುಗಿಸಿ ಹೊರಡುವಾಗ ಅಡಾಪ್ಟರ್ ಬಳಿ ಮತ್ತು ಡಿಬಿ ಬಾಗಿಲ ಒಳಗೆ ಒಂದೊಂದು ಚೀಟಿ ಅಂಟಿಸಿ: ‘ವಿಡಿಯೊ ಬೆಲ್, 24 ವೋಲ್ಟ್ ಡಿಸಿ, ಕೆಂಪು ಪ್ಲಸ್. ಬಾಗಿಲ ಬಳಿಯ ಈ ವೈರ್‌ಗೆ 230 ಕೊಡಬಾರದು.’ ಎರಡು ವರ್ಷ ಬಿಟ್ಟು ಪೇಂಟಿಂಗ್ ಮಾಡುವಾಗ ಬೆಲ್ ಬಿಚ್ಚಿಡುತ್ತಾರೆ, ಮತ್ತೆ ಹಾಕಲು ಬರುವವರು ಬೇರೆಯವರಾಗಿರುತ್ತಾರೆ, ಅವರಿಗೆ ಕಾಣುವುದು ಗೋಡೆಯಿಂದ ಹೊರಬಂದ ಎರಡು ವೈರ್ ಮಾತ್ರ.